ಪಾಸ್‌ವರ್ಡ್ ಸರಿಯಾಗೇ ಇದೆ, ಅರ್ಧಂಬರ್ಧ ಇರೋದು ನಿಮ್ಮ ಸೂಚನೆ

ವಿಶ್ವವಿದ್ಯಾಲಯದ ಶೇರ್ಡ್ ಡ್ರೈವನ್ನು (ಸರ್ವರಿನಲ್ಲಿ ಫೈಲ್ ಇಡುವ ಜಾಗ) ಸ್ವಂತ ಲ್ಯಾಪ್‌ಟಾಪಿನಲ್ಲಿ ತೆರೆಯೋಕೆ ಐಟಿ ವಿಭಾಗದವರಿಂದ ಸಿಗುವ ಸೂಚನೆ ಮೂರೇ ಸಾಲು. ವಿಪಿಎನ್ (ಹೊರಗಿನ ಕಂಪ್ಯೂಟರನ್ನು ಕ್ಯಾಂಪಸ್ ನೆಟ್‌ವರ್ಕಿಗೆ ಜೋಡಿಸುವ ಸುರಕ್ಷಿತ ದಾರಿ) ಆನ್ ಮಾಡಿ, 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಒತ್ತಿ, ಯೂಸರ್‌ನೇಮ್ ಪಾಸ್‌ವರ್ಡ್ ಕೊಡಿ. ಇಷ್ಟು ಬರೆದು ಕೈತೊಳೆದುಕೊಳ್ಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತೆ. ಕ್ಯಾಂಪಸ್ಸಿನ ಕಂಪ್ಯೂಟರ್ ಆಗಲೇ ಡೊಮೇನಿಗೆ, ಅಂದರೆ ವಿಶ್ವವಿದ್ಯಾಲಯದ ಖಾತೆ, ಕಂಪ್ಯೂಟರುಗಳನ್ನು ಒಟ್ಟಿಗೆ ನೋಡಿಕೊಳ್ಳುವ ವ್ಯವಸ್ಥೆಗೆ, ಸೇರಿರುತ್ತೆ. ಲಾಗಿನ್ ಆದವರು ಯಾರು, ಸರ್ವರ್ ಎಲ್ಲಿದೆ, ಎಲ್ಲ ಅದಕ್ಕೆ ಗೊತ್ತು. ಸ್ವಂತ ಕಂಪ್ಯೂಟರಿಗೆ ಇದ್ಯಾವುದೂ ಗೊತ್ತಿಲ್ಲ, ಒಂದೊಂದನ್ನೂ ನಾವೇ ಹೇಳಬೇಕು. ಏನು ಹೇಳಬೇಕು ಅನ್ನೋದೇ ಸೂಚನೆಯಲ್ಲಿ ಇರೋದಿಲ್ಲ!

ವಿಪಿಎನ್ ಯಾಕೆ ಅಂತ ಒಂದು ಸಾಲು ಬರೆಯೋಕೇನು ಕಷ್ಟ? ಡ್ರೈವಿನ ಸಂಪರ್ಕ ಹೋಗೋದು ಟಿಸಿಪಿ 445ನೇ ಪೋರ್ಟಿನಲ್ಲಿ, ಅಂದರೆ ನೆಟ್‌ವರ್ಕಿನ ಒಂದು ನಿಗದಿತ ಬಾಗಿಲಿನಲ್ಲಿ. 2017ರಲ್ಲಿ ವನ್ನಾಕ್ರೈ ಅನ್ನುವ, ಫೈಲ್ ಲಾಕ್ ಮಾಡಿ ಹಣ ಕೇಳುವ ದುಷ್ಟ ಸಾಫ್ಟ್‌ವೇರ್ ಹರಡಿದ್ದೂ ಅದೇ ಪೋರ್ಟಿನ ಮೂಲಕ. ಎಷ್ಟೋ ಇಂಟರ್ನೆಟ್ ಕಂಪನಿಗಳು ಆ ಪೋರ್ಟನ್ನು ಮುಚ್ಚಿವೆ, ಅದಕ್ಕೇ ವಿಪಿಎನ್ ಒಳಗಿನಿಂದ ಹೋಗಬೇಕು. ಲೈಬ್ರರಿ ಜರ್ನಲ್ ಓದೋಕೆ ಬ್ರೌಸರಿನಲ್ಲಿ ಮಾಡುವ ಲಾಗಿನ್ ಬೇರೆ, ಅದರಿಂದ ಡ್ರೈವ್ ತೆರೆಯೋದಿಲ್ಲ. ಇದನ್ನು ಹೇಳದೇ ಇರೋದಕ್ಕೇ ಎಷ್ಟೋ ಜನರ ಅರ್ಧ ದಿನ ಹಾಳು.

ಆಮೇಲೆ ಸರ್ವರ್ ಹೆಸರು. ಸೂಚನೆಯಲ್ಲಿ ಚುಟುಕು ಹೆಸರಷ್ಟೇ ಇರುತ್ತೆ. ಅದರ ಕೊನೆಗೆ ವಿಶ್ವವಿದ್ಯಾಲಯದ ಡೊಮೇನ್ ಹೆಸರು ಸೇರಿಸಿಕೊಳ್ಳೋದು ಕ್ಯಾಂಪಸ್ಸಿನ ಯಂತ್ರಕ್ಕೆ ಮಾತ್ರ ಗೊತ್ತು. ಮನೆಯಲ್ಲಿ ಅದೇ ಹೆಸರು ಕೊಟ್ಟರೆ ಎರರ್ 53, ದಾರಿ ಸಿಗಲಿಲ್ಲ ಅಂತ. ಚುಕ್ಕೆಗಳ ಸಮೇತ ಪೂರ್ತಿ ಹೆಸರು ಕೊಟ್ಟರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ. ಮ್ಯಾಕ್‌ನಲ್ಲಾದರೆ ಫೈಂಡರಿನಲ್ಲಿ ಕಮಾಂಡ್ ಮತ್ತು ಕೆ ಒತ್ತಿ, ಮೊದಲು ಎಸ್‌ಎಂಬಿ (ಫೈಲ್ ಹಂಚಿಕೊಳ್ಳುವ ಪದ್ಧತಿಯ ಹೆಸರು), ಕೋಲನ್, ಎರಡು ಸ್ಲ್ಯಾಶ್ ಹಾಕಿ ಅದೇ ಪೂರ್ತಿ ಹೆಸರು.

ಅತಿ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳೋದು ಯೂಸರ್‌ನೇಮ್‌ನಲ್ಲಿ. ಮ್ಯಾಪ್ ಮಾಡುವ ಕಿಟಕಿಯಲ್ಲಿ ಫೋಲ್ಡರ್ ಹೆಸರಿನ ಕೆಳಗೆ ಎರಡು ಪುಟ್ಟ ಚೌಕಗಳಿವೆ. ಮೊದಲನೆಯದಕ್ಕೆ ಟಿಕ್ ಬಿದ್ದೇ ಇರುತ್ತೆ, ಎರಡನೆಯದು ಖಾಲಿ: 'ಕನೆಕ್ಟ್ ಯೂಸಿಂಗ್ ಡಿಫರೆಂಟ್ ಕ್ರೆಡೆನ್ಷಿಯಲ್ಸ್'. ಅದಕ್ಕೆ ಟಿಕ್ ಹಾಕದಿದ್ದರೆ ವಿಂಡೋಸ್ ಮೊದಲು ಲ್ಯಾಪ್‌ಟಾಪಿಗೆ ಲಾಗಿನ್ ಆದ ಖಾತೆಯನ್ನೇ ಸರ್ವರಿಗೆ ಕಳಿಸುತ್ತೆ. ಟಿಕ್ ಹಾಕಿ ಬರೀ ಯೂಸರ್‌ನೇಮ್ ಕೊಟ್ಟರೂ ಸಾಲದು. ಮೊದಲು ಡೊಮೇನ್ ಹೆಸರು, ಹಿಮ್ಮುಖ ಸ್ಲ್ಯಾಶ್, ಆಮೇಲೆ ಯೂಸರ್‌ನೇಮ್. ಡೊಮೇನ್ ಬಿಟ್ಟರೆ ಸರ್ವರ್ ಬೇರೆ ಯಾರನ್ನೋ ಹುಡುಕಿ, ಕೊನೆಗೆ ಹೇಳೋದು 'ಪಾಸ್‌ವರ್ಡ್ ತಪ್ಪು' ಅಂತ!

ಆ ಮಾತು ನಂಬಿ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದರೆ ಬರುವ ಉತ್ತರ: 'ಪಾಸ್‌ವರ್ಡ್ ರೀಸೆಟ್ ಮಾಡಿ'. ದಯವಿಟ್ಟು ಇದನ್ನು ನಿಲ್ಲಿಸಿ. ರೀಸೆಟ್ ಮಾಡಿದರೂ ಹಳೇ ಪಾಸ್‌ವರ್ಡ್, ವಿಂಡೋಸ್ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಉಳಿದುಕೊಂಡಿರುತ್ತೆ. ಮ್ಯಾಪ್ ಆದ ಡ್ರೈವ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತೆ, ಹಾಗೇ ಖಾತೆ ಲಾಕ್ ಆಗುತ್ತೆ. ಇಮೇಲಿಗೂ ಅದೇ ಖಾತೆಯಾದರೆ ಅದೂ ಹೋಯಿತು. ರೀಸೆಟ್ ಮಾಡೋಕೆ ಮುಂಚೆ ಡ್ರೈವಿನ ಸಂಪರ್ಕ ಕಡಿದು, ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು, 'ವಿಂಡೋಸ್ ಕ್ರೆಡೆನ್ಷಿಯಲ್ಸ್' ಅಡಿಯಲ್ಲಿ ಸರ್ವರ್ ಹೆಸರಿನ ನಮೂದನ್ನು ಅಳಿಸಿ ಅಂತ ಮೊದಲು ಹೇಳಿ.

ಎರರ್ 1219 ಬಂದರೆ ಅದೇ ಸರ್ವರಿಗೆ ಇನ್ನೊಂದು ಹೆಸರಿನಲ್ಲಿ ಸಂಪರ್ಕ ಇನ್ನೂ ಜೀವಂತ ಇದೆ ಅಂತ ಅರ್ಥ. ಕಮಾಂಡ್ ಪ್ರಾಂಪ್ಟಿನಲ್ಲಿ 'ನೆಟ್ ಯೂಸ್' ಅಂತ ಹೊಡೆದರೆ ಪಟ್ಟಿ ಬರುತ್ತೆ. ಆ ಸರ್ವರಿನ ಸಂಪರ್ಕ ಕಡಿದು ಮತ್ತೆ ಜೋಡಿಸಿದರೆ ಆಯಿತು. ಲ್ಯಾಪ್‌ಟಾಪ್ ಶುರುವಾದಾಗ ಡ್ರೈವ್ ಮೇಲೆ ಕೆಂಪು ಗುರುತು ಕಾಣೋದು ವಿಪಿಎನ್ ಇನ್ನೂ ಆನ್ ಆಗಿಲ್ಲದ್ದಕ್ಕೆ. ಆನ್ ಮಾಡಿ ಡಬಲ್ ಕ್ಲಿಕ್ ಮಾಡಿ. 'ಎಸ್‌ಎಂಬಿ 1 ಆನ್ ಮಾಡ್ಕೊಳ್ಳಿ' ಅನ್ನುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಅದು ಎಸ್‌ಎಂಬಿಯ ಹಳೇ ಆವೃತ್ತಿ, ವನ್ನಾಕ್ರೈ ನುಗ್ಗಿದ್ದು ಅದರ ದೋಷದಿಂದಲೇ.

ಎಲ್ಲಕ್ಕಿಂತ ಸಿಟ್ಟು ಬರಿಸೋದು ಇದು: ನೆಟ್‌ವರ್ಕ್ ಡ್ರೈವಿನಲ್ಲಿ ಡಿಲೀಟ್ ಮಾಡಿದ ಫೈಲ್ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ರೀಸೈಕಲ್ ಬಿನ್‌ಗೆ ಹೋಗೋದೇ ಇಲ್ಲ. ಸರ್ವರಿನಲ್ಲಿ ವ್ಯವಸ್ಥೆ ಇದ್ದರೆ ಮಾತ್ರ ಫೋಲ್ಡರಿನ ಪ್ರಾಪರ್ಟೀಸ್‌ನ 'ಪ್ರೀವಿಯಸ್ ವರ್ಷನ್ಸ್'ನಲ್ಲಿ ಹಳೇ ಪ್ರತಿ ಸಿಗುತ್ತೆ. ಥೀಸಿಸ್ ಇಡೋಕೆ ಇದೇ ಡ್ರೈವ್ ಬಳಸಿ ಅಂತೀರಿ, ಆ ಪ್ರತಿ ಎಷ್ಟು ದಿನ ಇರುತ್ತೆ ಅನ್ನೋದನ್ನಾದರೂ ಬರೀರಿ!