ಬಾಯಲ್ಲೇ ಗಿಟಾರು

ಗಿಟಾರು ನುಡಿಸಲು ಬಾರದವರೇ ಗಿಟಾರ್ ಸೋಲೋ, ಅಂದರೆ ಹಾಡಿನಲ್ಲಿ ಗಿಟಾರೇ ಮುಂದೆ ನಿಂತು ಮೆರೆಯುವ ಭಾಗದ ಬಗ್ಗೆ ಜಾಸ್ತಿ ಜಗಳ ಆಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ನುಡಿಸಲು ಬರುವವನು ವಾದ್ಯ ಎತ್ತಿಕೊಂಡು ನುಡಿಸಿ ತೋರಿಸಿಬಿಡುತ್ತಾನೆ, ಮಾತು ಅಲ್ಲಿಗೆ ಮುಗಿಯುತ್ತದೆ. ನಮಗೆ ಆ ಅನುಕೂಲ ಇಲ್ಲ. ನಾವು ಬಾಯಲ್ಲೇ ನುಡಿಸಬೇಕು.

ಹಾಸನದ ಮಹಾರಾಜ ಪಾರ್ಕಿನ ಕಡೆ ಒಂದು ಟೀ ಅಂಗಡಿ ಇದೆ. ಸಂಜೆ ಹೊತ್ತು ಅಲ್ಲಿ ಸೇರುವ ನಮ್ಮ ಗುಂಪಿನಲ್ಲಿ ಮೊಬೈಲ್ ಕವರ್ ಮಾರುವ ಒಬ್ಬ ಗೆಳೆಯ, ಸಕಲೇಶಪುರದ ಆಚೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿರುವ ಇನ್ನೊಬ್ಬ, ರಿಟೈರ್ ಆದ ಕಾಲೇಜು ಮೇಷ್ಟ್ರು ಇದ್ದಾರೆ. ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗಳು ಆಗಾಗ ಬಂದು ಎಲ್ಲರನ್ನೂ ಕೆಣಕಿ ಹೋಗುತ್ತಾಳೆ. ವಾದಕ್ಕೆ ವಿಷಯ ಬೇಕೆಂದೇನೂ ಇಲ್ಲ. ಯಾರದೋ ಫೋನ್ ರಿಂಗ್ ಆದರೂ ಸಾಕು.

ಒಮ್ಮೆ ಅಮೆರಿಕದ ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ' ಹಾಡಿನ ಕೊನೆಯ ಭಾಗ ಚರ್ಚೆಗೆ ಬಂತು. 1976ರ ಹಾಡು. ಹಾಡಿನ ಸಾಹಿತ್ಯ ಮುಗಿದ ಮೇಲೆ ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಇಬ್ಬರೂ ಸುಮಾರು ಎರಡು ನಿಮಿಷ ಗಿಟಾರು ನುಡಿಸುತ್ತಾರೆ. ಮೊದಲು ಒಬ್ಬರಾದ ಮೇಲೆ ಒಬ್ಬರು, ಆಮೇಲೆ ಇಬ್ಬರೂ ಜೊತೆಗೆ. ಇದನ್ನು ಬಾಯಲ್ಲಿ ನುಡಿಸುವುದು ಒಬ್ಬನಿಂದ ಆಗುವ ಕೆಲಸವಲ್ಲ. ಕವರ್ ಅಂಗಡಿಯವನು ಫೆಲ್ಡರ್ ಆದ, ನಾನು ವಾಲ್ಶ್ ಆದೆ. ಅವನದು 'ಟೀಯಾಂವ್', ನನ್ನದು 'ಟೆಂಡೆರಂ'. ಇಬ್ಬರೂ ಒಟ್ಟಿಗೆ ಸೇರುವ ಜಾಗಕ್ಕೆ ಬಂದಾಗ ಟೀ ಅಂಗಡಿಯವರು ಸ್ಟವ್ ಸಣ್ಣ ಮಾಡಿ, "ಯಾಕ್ ಸಾರ್, ಹುಷಾರಿಲ್ವಾ?" ಎಂದು ಕೇಳಿದರು.

ಮೇಷ್ಟ್ರು ನಗುತ್ತಾ ಕೂತಿದ್ದರು. ಅವರು ನಗಬಹುದು. ಚಿಕ್ಕಂದಿನಲ್ಲಿ ಮೃದಂಗ ಕಲಿತವರು. ಮೃದಂಗಕ್ಕೆ ಬಾಯಿ ಇದೆ. ತಕಧಿಮಿ, ತಕಜಣು, ತದಿಗಿಣತೊಂ ಎಂದು ಶುರು ಮಾಡಿದರೆ ಇಡೀ ತನಿ ಆವರ್ತನವನ್ನೇ, ಅಂದರೆ ಕಚೇರಿಯಲ್ಲಿ ಮೃದಂಗಕ್ಕೆ ಸಿಗುವ ಸೋಲೋವನ್ನೇ, ಬಾಯಲ್ಲಿ ಹೇಳಿ ಮುಗಿಸಬಹುದು. ಅದಕ್ಕೆ ಕೊನ್ನಕೋಲು ಅಂತ ಒಂದು ವಿದ್ಯೆಯೇ ಇದೆ, ವೇದಿಕೆ ಮೇಲೆ ಅದನ್ನಷ್ಟೇ ಮಾಡುವವರೂ ಇದ್ದಾರೆ. ಗಿಟಾರಿಗೆ ಅಂಥ ಗತಿ ಇಲ್ಲ. ಪ್ರತಿಯೊಬ್ಬನೂ ತನ್ನ ಸದ್ದನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಹಾಗಾಗಿ ನಮ್ಮ ಅರ್ಧ ಜಗಳ ಸೋಲೋ ಬಗ್ಗೆ ಅಲ್ಲವೇ ಅಲ್ಲ. "ಅದು ಟೀಯಾಂವ್ ಅಲ್ಲ ಕಣೋ, ಟ್ವಾಂಯ್" ಎನ್ನುವುದರ ಬಗ್ಗೆ.

ನಿಜವಾದ ಜಗಳ ಎದ್ದದ್ದು ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ವಿಚಾರದಲ್ಲಿ. 1979ರ 'ಕಂಫರ್ಟಬ್ಲಿ ನಂಬ್' ಹಾಡಿನಲ್ಲಿ ಅವರು ಎರಡು ಸೋಲೋ ನುಡಿಸಿದ್ದಾರೆ. ಕೊನೆಯದನ್ನು ಕೇಳುವಾಗ ನಮ್ಮ ರೈಟರ್ ಕಣ್ಣು ಮುಚ್ಚಿಕೊಳ್ಳುತ್ತಾನೆ, ಯಾರೂ ಮಾತಾಡಿಸಬಾರದು. ಆ ಸೋಲೋವನ್ನು ಗಿಲ್ಮೋರ್ ಒಂದೇ ಉಸಿರಿನಲ್ಲಿ ನುಡಿಸಿದ್ದಲ್ಲ. ಸ್ಟುಡಿಯೋದಲ್ಲಿ ಐದಾರು ಸಲ ಬೇರೆ ಬೇರೆ ಥರ ನುಡಿಸಿ, ಚೆನ್ನಾಗಿ ಬಂದ ತುಂಡುಗಳಿಗೆ ಗುರುತು ಹಾಕಿ, ಅವನ್ನು ಜೋಡಿಸಿದ್ದು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ನಾನು ಈ ಸಂಗತಿಯನ್ನು ಮೆಚ್ಚುಗೆಯಿಂದಲೇ ಹೇಳಿದೆ. ಮೇಷ್ಟ್ರು ಟೀ ಲೋಟ ಕೆಳಗಿಟ್ಟರು.

"ಹಂಗಾದ್ರೆ ಅದು ಆ ಕ್ಷಣಕ್ಕೆ ಹುಟ್ಟಿದ ಮನೋಧರ್ಮ ಅಲ್ಲ ಕಣಯ್ಯ. ಟೈಲರ್ ಕೆಲಸ."

ರೈಟರಿಗೆ ಸಿಟ್ಟು ಬಂತು. "ಟೈಲರ್ ಕೆಲಸ ಆದ್ರೇನು ಮೇಷ್ಟ್ರೇ, ಬಟ್ಟೆ ಮೈಗೆ ಕೂತಿದೆಯಲ್ಲ?" ಎಂದ. ಅಕ್ಕನ ಮಗಳು ಇನ್ನೂ ಆಳಕ್ಕೆ ಇಳಿದಳು. "ಮೇಷ್ಟ್ರೇ, ತನಿಯಲ್ಲಿ ಕೊನೆಗೆ ಕೋರ್ವೆ ಬರುತ್ತಲ್ಲ, ಮೂರು ಸಲ ನುಡಿಸಿ ಸರಿಯಾಗಿ ಹಾಡು ಶುರುವಾಗೋ ಎತ್ತುಗಡೆಗೆ ತಂದು ನಿಲ್ಲಿಸ್ತಾರಲ್ಲ, ಅದನ್ನ ಮನೇಲಿ ಲೆಕ್ಕ ಹಾಕ್ಕೊಂಡು ಬರಲ್ವಾ?" ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಲೆಕ್ಕ ಮನೇದು, ಧೈರ್ಯ ಅಲ್ಲೀದು" ಎಂದರು. ಈ ಮಾತು ನನಗೆ ಹಿಡಿಸಿತು. ಆದರೆ ಒಪ್ಪಿಗೆ ಆಗಲಿಲ್ಲ. ಮನೆಯಲ್ಲಿ ಕೂತು ಸಾವಿರ ಸಲ ಕೇಳುವ ಸಾಮಾನಿಗೆ ಧೈರ್ಯಕ್ಕಿಂತ ಆಯ್ಕೆ ಮುಖ್ಯ. ಎದುರು ಕೂತು ಒಂದೇ ಸಲ ಕೇಳುವುದಕ್ಕೆ ಧೈರ್ಯ ಬೇಕು. ಎರಡೂ ಸೋಲೋನೇ, ಎರಡಕ್ಕೂ ಬೇಕಾದ ಗುಂಡಿಗೆ ಬೇರೆ.

ಮೇಷ್ಟ್ರಿಗೆ ನಿಜವಾದ ನೋವು ಇರುವುದು ಇನ್ನೊಂದು ಕಡೆ. ಕಚೇರಿಯಲ್ಲಿ ದೊಡ್ಡ ಕೃತಿ ಮುಗಿದು, ಗಾಯಕರು ಮೃದಂಗದವರ ಕಡೆ ಕೈ ತೋರಿಸಿದ ಕೂಡಲೇ ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟುತ್ತವೆ. ಎರಡು ಗಂಟೆಯಿಂದ ಅಲ್ಲಾಡದೆ ಕೂತವರಿಗೆ ಆಗಲೇ ಕಾಫಿ ನೆನಪಾಗುತ್ತದೆ. ಆಗಲೇ ಮನೆಯ ಬೀಗ ಹಾಕಿದ್ದೀವೋ ಇಲ್ಲವೋ ಎನ್ನುವ ಅನುಮಾನ ಬರುತ್ತದೆ. ಮೃದಂಗದವರು ಐದೈದು ಎಣಿಕೆಯ ಖಂಡ ನಡೆ ಹಿಡಿದಿರುತ್ತಾರೆ, ಇವರು ಬಾಗಿಲ ಕಡೆ ನಡೆ ಹಿಡಿದಿರುತ್ತಾರೆ. ರಾಕ್ ಕಚೇರಿಗಳಲ್ಲೂ ಡ್ರಮ್ಸ್ ಸೋಲೋ ಶುರುವಾದರೆ ಟಾಯ್ಲೆಟ್ ಮುಂದೆ ಸಾಲು ಉದ್ದವಾಗುತ್ತದೆ ಅಂತ ನಾವು ಸಮಾಧಾನ ಹೇಳಿ ನೋಡಿದೆವು. ಅವರಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ.

ಅವರಿಗಿಂತ ಕಷ್ಟ ವಾಲಗದವರದು. ಯೋಚನೆ ಮಾಡಿ, ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಪ್ರತಿಯೊಬ್ಬರೂ ಕೇಳಿರುವ ವಾದ್ಯ ಸಂಗೀತ ಅಂದರೆ ಮದುವೆಮನೆಯ ನಾಗಸ್ವರ. ಯಾರೂ ಕೂತು ಕೇಳದ ಸಂಗೀತವೂ ಅದೇ. ಅವರು ಕಲ್ಯಾಣಿ ರಾಗವನ್ನು ಬಿಡಿಸಿ ಬಿಡಿಸಿ ಇಡುತ್ತಿರುತ್ತಾರೆ, ನಾವು ಎರಡನೇ ಪಂಕ್ತಿಗೆ ಜಾಗ ಸಿಗುತ್ತಾ ಅಂತ ಇಣುಕುತ್ತಿರುತ್ತೇವೆ. ಯಾರಾದರೂ "ಗಟ್ಟಿಮೇಳ, ಗಟ್ಟಿಮೇಳ" ಎಂದು ಬೆರಳು ಆಡಿಸಿದರೆ, ರಾಗ ಎಲ್ಲಿತ್ತೋ ಅಲ್ಲೇ ಬಿಟ್ಟು ಡೋಲು ಬಡಿಯಬೇಕು. ಜಗತ್ತಿನ ಯಾವ ಗಿಟಾರಿಸ್ಟ್ ಇದನ್ನು ಸಹಿಸುತ್ತಾನೆ? ಇಂಥ ನಾಗಸ್ವರದ ಮನೆಯಿಂದ ಬಂದವರೇ ಕದ್ರಿ ಗೋಪಾಲನಾಥ್. ನಮ್ಮ ಶಿರಾಡಿ ಘಾಟಿ ಇಳಿದರೆ ಸಿಗುವ ಬಂಟ್ವಾಳದ ಸೀಮೆಯವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಮರುಳಾಗಿ, ಆ ಹಿತ್ತಾಳೆ ವಾದ್ಯದಲ್ಲಿ ಸ್ವರ ಬಳುಕಿಸುವ ಗಮಕ ಬರುವ ಹಾಗೆ ಮಾಡಿದರು. 2019ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಗುಂಪಿನಲ್ಲಿ ಅಪರೂಪಕ್ಕೆ ಎಲ್ಲರೂ ಒಂದೇ ಮಾತು ಆಡಿದರು.

ಹಾಡುವುದು ದೊಡ್ಡದೋ ನುಡಿಸುವುದು ದೊಡ್ಡದೋ ಎನ್ನುವ ವಾದ ಬಂದರೆ ಮಾತ್ರ ಹಾಸನದವರಿಗೆ ಸ್ವಲ್ಪ ಜಂಬ ಜಾಸ್ತಿ. ಅರಕಲಗೂಡು ತಾಲೂಕಿನ ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು 1920ರಲ್ಲಿ. ವೀಣೆ ದೊರೆಸ್ವಾಮಿ ಅಯ್ಯಂಗಾರ್ ಇದೇ ಜಿಲ್ಲೆಯ ಗದ್ದವಳ್ಳಿಯಲ್ಲಿ ಹುಟ್ಟಿದ್ದೂ 1920ರಲ್ಲೇ. ಒಂದೇ ವರ್ಷ, ಒಂದೇ ಜಿಲ್ಲೆ, ಒಬ್ಬರು ಕಂಠ, ಒಬ್ಬರು ತಂತಿ. ಮೇಷ್ಟ್ರು ಇದನ್ನು ಹೇಳಿ ಕೈ ಕಟ್ಟಿ ಕೂತರೆ ಪಿಂಕ್ ಫ್ಲಾಯ್ಡಿನವರೂ ಎದ್ದು ನಿಲ್ಲಬೇಕು, ಅಷ್ಟು ಗತ್ತು. ರುದ್ರಪಟ್ಟಣದಲ್ಲಿ ತಂಬೂರಿ ಆಕಾರದ ಒಂದು ಮಂದಿರವನ್ನೇ ಆರ್.ಕೆ. ಪದ್ಮನಾಭ ಕಟ್ಟಿಸಿದ್ದಾರೆ. ನೆಂಟರು ಬಂದರೆ ನಾವು ಬೇಲೂರು ಹಳೇಬೀಡು ತೋರಿಸಿ ಕಳಿಸುತ್ತೇವೆ, ಇದನ್ನು ತೋರಿಸಲು ಮರೆಯುತ್ತೇವೆ. ಹಳೇಬೀಡಿನ ಗೋಡೆಯ ವೇಣುಗೋಪಾಲನ ಸುತ್ತ ಹಸುಗಳು ನಿಂತು ಕೇಳುತ್ತಿವೆಯಲ್ಲ, ಅವುಗಳಲ್ಲಿ ಒಂದೂ ಕಾಫಿಗೆ ಎದ್ದು ಹೋಗಿಲ್ಲ ಎನ್ನುವುದು ಮೇಷ್ಟ್ರ ಕುಹಕ.

ನನಗೆ ಕಂಡ ಹಾಗೆ ಈ ವಾದಗಳನ್ನೆಲ್ಲ ತೀರ್ಮಾನ ಮಾಡುವುದು ಬಾಯಿ. ಬೆರಳು ಎಷ್ಟು ಜೋರಾಗಿ ಓಡಿತು ಎನ್ನುವುದಲ್ಲ, ಕೇಳಿದವನ ಬಾಯಲ್ಲಿ ಎಷ್ಟು ಉಳಿಯಿತು ಎನ್ನುವುದು. ಇಳಯರಾಜ ಅವರ ಸಂಗೀತದ 'ಪಲ್ಲವಿ ಅನುಪಲ್ಲವಿ' 1983ರ ಚಿತ್ರ. ಅದರ ಒಂದು ವಾದ್ಯದ ತುಣುಕು ಎಷ್ಟೋ ವರ್ಷ ಆದ ಮೇಲೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿಗೆ ಬಂತು. ಆ ಸಿನಿಮಾ ನೋಡದ ಹುಡುಗರೂ ಅದನ್ನು ಗುನುಗುತ್ತಾರೆ. ಒಂದು ಅಕ್ಷರ ಸಾಹಿತ್ಯ ಇಲ್ಲ, ಆದರೂ ಬಾಯಿಪಾಠ. ಆ ತುಣುಕನ್ನು ಸ್ಟುಡಿಯೋದಲ್ಲಿ ಕೂತು ನುಡಿಸಿದವರ ಹೆಸರು ಕೇಳಿದರೆ ನಮ್ಮಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಗಿಲ್ಮೋರ್ ಹೆಸರು ಮಾತ್ರ ಎಲ್ಲರಿಗೂ ಗೊತ್ತು. ಇದು ನನಗೆ ಆಗಾಗ ಚುಚ್ಚುತ್ತದೆ.

ಇನ್ನು ಇಂಡೀ ತಂಡಗಳ ವಿಷಯ. ಸಿನಿಮಾದ ಹಂಗಿಲ್ಲದೆ ತಮ್ಮ ಹಾಡು ತಾವೇ ಮಾಡಿಕೊಳ್ಳುವವರು. ಇಂಥವರನ್ನು ನಮ್ಮ ಮನೆಯಲ್ಲಿ ಪರಿಚಯ ಮಾಡಿಸುವುದು ಸುಲಭವಲ್ಲ. ಅಕ್ಕನ ಮಗಳು ಒಂದು ದಿನ ಅಡುಗೆಮನೆಯಲ್ಲಿ ರಘು ದೀಕ್ಷಿತ್ ಹಾಡು ಹಾಕಿದಳು. ನಮ್ಮಮ್ಮ ಅವರೆಕಾಳು ಸುಲಿಯುತ್ತಾ ಕೇಳಿದರು.

"ಯಾವ ಪಿಕ್ಚರ್‌ದೇ ಇದು?"

"ಪಿಕ್ಚರ್‌ದಲ್ಲ ಅಜ್ಜಿ."

"ಮತ್ತೆ ದೇವರ ನಾಮಾನಾ?"

ಸಿನಿಮಾ ಹಾಡಲ್ಲದಿದ್ದರೆ ದೇವರ ನಾಮ, ದೇವರ ನಾಮ ಅಲ್ಲದಿದ್ದರೆ ಭಾವಗೀತೆ. ನಾಲ್ಕನೆಯದು ಅವರ ಲೆಕ್ಕದಲ್ಲಿ ಇಲ್ಲ. ಅಷ್ಟರಲ್ಲಿ ಹಾಡಿನ ಮಾತು ಕಿವಿಗೆ ಬಿತ್ತು. "ಅಯ್ಯೋ, ಇದು ಶರೀಫಜ್ಜನ ಪದ ಅಲ್ವೇನೇ! ಇದಕ್ಯಾಕೆ ಇಷ್ಟು ಗಲಾಟೆ?" ಎಂದರು. ಆದರೆ ನಿಲ್ಲಿಸು ಅನ್ನಲಿಲ್ಲ. ನಡುವೆ ಪಿಟೀಲು ಬಂದಾಗ ಸುಲಿಯುವ ಕೈ ಸ್ವಲ್ಪ ನಿಧಾನವಾಯಿತು ಎಂದು ಮೊಮ್ಮಗಳ ವಾದ. ಅವರೆಕಾಳಿನಲ್ಲಿ ಹುಳ ಸಿಕ್ಕಿತ್ತು ಎಂದು ಅಜ್ಜಿಯ ವಾದ.

ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ನಮ್ಮ ಕವರ್ ಅಂಗಡಿಯವನು ಅದನ್ನು ನಮಗೆಲ್ಲ ಮೊದಲು ಕೇಳಿಸಿದವನು. ಕೇಳಿಸಿದ್ದಕ್ಕೆ ಇವತ್ತಿಗೂ ಬಾಡಿಗೆ ವಸೂಲಿ ಮಾಡುತ್ತಾನೆ. ಆ ಹಾಡು ಎಲ್ಲಿ ಕೇಳಿದರೂ "ಯಾರು ತೋರಿಸಿದ್ದು ಹೇಳು" ಎಂದು ನಮ್ಮ ಮುಖ ನೋಡುತ್ತಾನೆ. ಆಮೇಲೆ ಊರಿಗೆಲ್ಲ ಅವರು ಗೊತ್ತಾದರು, ಸಿನಿಮಾಕ್ಕೂ ಸಂಗೀತ ಕೊಟ್ಟರು. ಇವನಿಗೆ ಬೇಜಾರು ಶುರುವಾಯಿತು. "ಮೊದಲಿನ ಹಾಗಿಲ್ಲ ಬಿಡು" ಎಂದು ಅವರ ತಮ್ಮ ವಾಸು ದೀಕ್ಷಿತ್ ಇರುವ ಸ್ವರಾತ್ಮ ತಂಡಕ್ಕೆ ಪಕ್ಷಾಂತರ ಮಾಡಿದ. ಮನೆ ಬದಲಾಗಲಿಲ್ಲ, ರೂಮು ಬದಲಾಯಿತು ಅಷ್ಟೇ. ಇಂಡೀ ಅಭಿಮಾನಿಗಳ ಕಾಯಿಲೆಯೇ ಇದು. ನಮ್ಮ ತಂಡ ಮುಂದೆ ಬರಬೇಕು, ಆದರೆ ಪಕ್ಕದ ಮನೆಯವನಿಗೆ ಗೊತ್ತಾಗಬಾರದು.

ರೈಟರ್ ಈ ವಿಷಯದಲ್ಲಿ ದೊಡ್ಡ ಮನುಷ್ಯ. ಅವನ ಎಸ್ಟೇಟಿನಲ್ಲಿ ನೆಟ್‌ವರ್ಕ್ ಬರುವುದು ಪಲ್ಪಿಂಗ್ ಯಾರ್ಡಿನ ಒಂದು ಮೂಲೆಯಲ್ಲಿ ಮಾತ್ರ, ಅದೂ ಮಳೆ ಇಲ್ಲದಿದ್ದರೆ. ಹಾಡು ಸರಿಯಾಗಿ ಸೋಲೋಗೆ ಮುಂಚೆ ನಿಂತು ಗಿರಗಿರ ತಿರುಗುತ್ತದೆ. ಹಾಗಾಗಿ ಹಾಸನಕ್ಕೆ ಬಂದಾಗ ಡೌನ್‌ಲೋಡ್ ಮಾಡಿಕೊಂಡು ಹೋಗಿ, ಒಂದೇ ಆಲ್ಬಂ ಅನ್ನು ಮೊದಲಿಂದ ಕೊನೆವರೆಗೆ ತಿಂಗಳುಗಟ್ಟಲೆ ಕೇಳುತ್ತಾನೆ. ದೆಹಲಿಯ ಇಂಡಿಯನ್ ಓಷನ್ ತಂಡದ 'ಕಂದೀಸಾ', 2000ದ ಆಲ್ಬಂ, ಅವನಿಗೆ ಉಸಿರು ಉಸಿರೂ ಗೊತ್ತು. ಕೈಯಲ್ಲಿ ಕೋಟಿಗಟ್ಟಲೆ ಹಾಡು ಇರುವ ನಾವು ಅರ್ಧಕ್ಕೆ ಬಿಟ್ಟು ಮುಂದಕ್ಕೆ ಹೋಗುತ್ತೇವೆ. ಅವನು ಹೇಳಿದ ತಂಡವನ್ನು ನಾನು ಕೇಳದೆ ಬಿಡುವುದಿಲ್ಲ.

ಈಗಿನ ಹಾಡುಗಳಲ್ಲಿ ಸೋಲೋ ಎಲ್ಲಿದೆ, ಎಲ್ಲ ಅರ್ಧ ನಿಮಿಷದ ರೀಲ್ಸಿಗೆ ಕತ್ತರಿಸಿದ್ದು ಎಂದು ನಾನು ಗೊಣಗಿದೆ. ಅಕ್ಕನ ಮಗಳು ಬಿಡಲಿಲ್ಲ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಬ್ರೂಸ್ ಲೀ ಮಣಿ ನುಡಿಸಿದ ಗಿಟಾರು ಕೇಳಿಸಿದಳು. ಹೆಸರು ಕೇಳಿ ಟೀ ಅಂಗಡಿಯವರೂ ಹತ್ತಿರ ಬಂದರು, ಫೈಟಿಂಗ್ ಇರಬಹುದೆಂದು. ಚೆನ್ನಾಗಿತ್ತು. ಆದರೆ ಆ ತಂಡ ಶುರುವಾದದ್ದು 1996ರಲ್ಲಿ. "ಪುಟ್ಟಿ, ಇವರು ನೀನು ಹುಟ್ಟೋಕೆ ಮುಂಚಿನವರು ಕಣೇ" ಎಂದೆ. "ಅದಕ್ಕೇನೀಗ ಮಾಮ, ನಾನು ಮೊನ್ನೆ ತಾನೇ ಕಂಡುಹಿಡಿದಿದ್ದು" ಎಂದಳು.

ಆಮೇಲೆ ಅವಳು ಹಾಕಿದ್ದು ಅಗಮ್ ತಂಡದ ಹಾಡು. ಅವರೂ ಬೆಂಗಳೂರಿನವರೇ, ಕರ್ನಾಟಕ ಸಂಗೀತದ ಕೃತಿಗಳನ್ನು ಗಿಟಾರು, ಡ್ರಮ್ಸ್ ಜೊತೆ ಹಾಡುವವರು. ಮೇಷ್ಟ್ರು ಒಂದು ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಾ ಪೂರ್ತಿ ಕೇಳಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. "ಸದ್ದು ಜಾಸ್ತಿ. ಆದ್ರೆ ಹುಡುಗ ರಾಗ ಬಿಟ್ಟಿಲ್ಲ" ಎಂದು ಇಯರ್‌ಫೋನ್ ವಾಪಸ್ ಕೊಟ್ಟರು.

ಇದೇ ಸರಿಯಾದ ಹೊತ್ತು ಎಂದುಕೊಂಡು ಅವಳು, "ಬೆಂಗಳೂರಲ್ಲಿ ಇವರ ಕಾರ್ಯಕ್ರಮ ಆದಾಗ ಎಲ್ಲರೂ ಹೋಗೋಣ, ನೀವೂ ಬನ್ನಿ ಮೇಷ್ಟ್ರೇ" ಎಂದಳು. ರಾತ್ರಿ ಹಾಸನದ ಬಸ್ಸಿನ ಚಿಂತೆ ನನ್ನದು, ಟಿಕೆಟ್ ರೇಟಿನ ಚಿಂತೆ ಕವರ್ ಅಂಗಡಿಯವನದು. ಮೇಷ್ಟ್ರದು ಒಂದೇ ಪ್ರಶ್ನೆ.

"ತನಿ ಇರುತ್ತಾ?"

"ಡ್ರಮ್ಸ್ ಸೋಲೋ ಇರುತ್ತೆ ಮೇಷ್ಟ್ರೇ."

"ಹಂಗಾದ್ರೆ ಬರ್ತೀನಿ. ನಂಗೆ ಬಾಗಿಲ ಪಕ್ಕದ ಸೀಟೇ ತಗೋ. ಯಾರ್ಯಾರು ಎದ್ದು ಹೋಗ್ತಾರೆ ನೋಡ್ಬೇಕು."