ಲಿಂಕ್ ಕಳಿಸಿದರೆ ಪಾಠ ಮಾಡಿದಂತಾಗುವುದಿಲ್ಲ

"ನೀವು ಕೊಡಗಿನವರಲ್ಲವೇ ಸಾರ್, ಕಾಳುಮೆಣಸಿನ ನಾಡಿನವರು. ಬಳ್ಳಿಗೆ ಮದ್ದು ಕಲಸುವುದನ್ನೆಲ್ಲ ನಿಮ್ಮಲ್ಲಿ ಹೇಗೆ ಹೇಳಿಕೊಡುತ್ತಾರೆ?" ಕೇರಳದ ಇರಿಟ್ಟಿಯ ಹತ್ತಿರದ ಒಂದು ವಾಯನಶಾಲೆಯಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಪಕ್ಕದ ಬೆಂಚಿನ ಹಿರಿಯರು ಸಹಜವಾಗಿಯೇ ಕೇಳಿದರು. ಉತ್ತರ ಗೊತ್ತಿದ್ದರೂ ಹೇಳಲು ಬಾಯಿ ಬರಲಿಲ್ಲ. ನಮ್ಮಲ್ಲಿ ಹೇಳಿಕೊಡುವುದಿಲ್ಲ, ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕುತ್ತಾರೆ.

ಇರಿಟ್ಟಿ ಪರದೇಶವೇನಲ್ಲ. ವಿರಾಜಪೇಟೆಯಿಂದ ಮಾಕುಟ್ಟದ ಘಟ್ಟ ಇಳಿದರೆ ಸಿಗುವ ಊರು. ಮೇಲೆಯೂ ಕೆಳಗೆಯೂ ಅದೇ ಮಳೆ, ಅದೇ ಮೆಣಸಿನ ಬಳ್ಳಿ, ಅದೇ ಸೊರಗು ರೋಗ. ಅಂದು ವಾಯನಶಾಲೆಯ ಗೋಡೆಯ ಟಿವಿಯಲ್ಲಿ ಹಾಕಿದ್ದು ಆ ರೋಗಕ್ಕೆ ಸಿಂಪಡಿಸುವ ಮದ್ದಾದ ಬೋರ್ಡೋ ದ್ರಾವಣ ತಯಾರಿಸುವ ಬಗ್ಗೆ ಕೆಲವೇ ನಿಮಿಷಗಳ ವಿಡಿಯೊ. ಒಂದು ಕಿಲೋ ಮೈಲುತುತ್ತನ್ನು, ಅಂದರೆ ತಾಮ್ರದ ಸಲ್ಫೇಟನ್ನು, 50 ಲೀಟರ್ ನೀರಿನಲ್ಲಿ ಕರಗಿಸಬೇಕು, ಒಂದು ಕಿಲೋ ಸುಣ್ಣವನ್ನು ಬೇರೆ ಪಾತ್ರೆಯ 50 ಲೀಟರ್ ನೀರಿನಲ್ಲಿ ಕದಡಬೇಕು, ತುತ್ತಿನ ನೀರನ್ನು ನಿಧಾನವಾಗಿ ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಕೊನೆಗೆ ಒಂದು ಕೈ ಬಂದು ಉಜ್ಜಿ ತೊಳೆದ ಕತ್ತಿಯ ಅಲಗನ್ನು ಆ ನೀಲಿ ದ್ರಾವಣದಲ್ಲಿ ಅದ್ದಿತು. ಅಲ್ಲಿಗೆ ವಿಡಿಯೊ ನಿಂತಿತು. ನಿಲ್ಲಿಸಿದವರು ರಿಮೋಟ್ ಹಿಡಿದು ಪಕ್ಕದಲ್ಲೇ ನಿಂತಿದ್ದ ನಿವೃತ್ತ ಶಿಕ್ಷಕಿ. "ಅಲಗಿನ ಮೇಲೆ ಕೆಂಪು ಬಂದರೆ ಏನು ಮಾಡುತ್ತೀರಿ?" ಎಂದು ಕೇಳಿದರು.

"ಇನ್ನಷ್ಟು ಸುಣ್ಣ ಹಾಕಬೇಕು" ಎಂದರು ಹಿಂದಿನ ಸಾಲಿನ ಒಬ್ಬ ಅಜ್ಜಿ. ಯಾಕೆ ಎಂದು ಶಿಕ್ಷಕಿ ಮತ್ತೆ ಕೇಳಿದಾಗ ಅಜ್ಜಿ ಸುಮ್ಮನಾದರು. ಬಾಗಿಲ ಬಳಿ ನಿಂತಿದ್ದ ಹತ್ತನೆಯ ತರಗತಿಯ ಹುಡುಗ ಉತ್ತರ ಕೊಟ್ಟ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ನೀರಿನಲ್ಲಿ ತಾಮ್ರ ಬಿಡಿಯಾಗಿ ಉಳಿದಿದ್ದರೆ ಅದನ್ನು ಕಬ್ಬಿಣ ಹೊರಹಾಕುತ್ತದೆ, ಹೊರಬಂದ ತಾಮ್ರ ಅಲಗಿಗೆ ಅಂಟುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರ ಬಿಡಿಯಾಗಿ ಉಳಿಯುವುದಿಲ್ಲ, ಎಲೆ ಸುಡುವುದೂ ಇಲ್ಲ. ಅಜ್ಜಿ ಅವನ ಕಡೆ ತಿರುಗಿ, ಹಾಗಾದರೆ ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಎನ್ನುವುದೂ ಇದಕ್ಕೇನಾ ಎಂದು ಕೇಳಿದರು. ಅದಕ್ಕೇ. ಒಂದೇ ವಿಡಿಯೊದಲ್ಲಿ ಹುಡುಗನಿಗೆ ತೋಟ ಸಿಕ್ಕಿತು, ಅಜ್ಜಿಗೆ ರಸಾಯನಶಾಸ್ತ್ರ ಸಿಕ್ಕಿತು.

ಸುಂಟಿಕೊಪ್ಪದ ಕಡೆ ಇರುವ ನನ್ನ ಅಕ್ಕನ ಮಗಳೂ ಹತ್ತನೆಯ ತರಗತಿ. ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲೇ ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಅದ್ದುವ ಪ್ರಯೋಗವಿದೆ. ಅದರ ವಿಡಿಯೊವೂ ತರಗತಿಯ ಗುಂಪಿಗೆ ಬಂದಿದೆ, ಕೆಳಗೆ "ಎಲ್ಲರೂ ನೋಡಿ" ಎಂಬ ಸಾಲು. ಅವಳು ನೋಡಿದ್ದಾಳೆ, ಸಮೀಕರಣ ಬಾಯಿಪಾಠ ಬರುತ್ತದೆ, ಅಂಕವೂ ಬರುತ್ತದೆ. ಆದರೆ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಚೀಲದಲ್ಲಿರುವ ಮೈಲುತುತ್ತೇ ಆ ತಾಮ್ರದ ಸಲ್ಫೇಟು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಬೇಕಾದವರ ಕೆಲಸ ಲಿಂಕ್ ಕಳಿಸಿದಲ್ಲಿಗೆ ಮುಗಿದಿತ್ತು.

ಅವಳ ಚಿಕ್ಕಜ್ಜ, ಅಂದರೆ ನನ್ನ ಚಿಕ್ಕಪ್ಪ, ಕೃಷಿ ವಿಡಿಯೊಗಳನ್ನು ಜಗಲಿಯಲ್ಲಿ ಕುಳಿತು ಒಂದರ ಹಿಂದೆ ಒಂದರಂತೆ ನೋಡುತ್ತಾರೆ, ನೋಡಿದ್ದನ್ನೆಲ್ಲ ಬಂಧುಬಳಗಕ್ಕೆ ರವಾನಿಸುತ್ತಾರೆ. ಬೋರ್ಡೋ ವಿಡಿಯೊವನ್ನೂ ರವಾನಿಸಿದ್ದರು. ಆದರೆ ಮದ್ದು ಕಲಸಿದವನು ಆಳು. ಅವನು ಯಾವ ಗುಂಪಿನಲ್ಲೂ ಇಲ್ಲ. ಹಳೆಯ ಕಬ್ಬಿಣದ ಡ್ರಮ್ಮಿನಲ್ಲಿ ತುತ್ತು ಕರಗಿಸಿ, ಅದಕ್ಕೇ ಸುಣ್ಣ ಸುರಿದ. ಆ ವರ್ಷ ಎಳೆಯ ಬಳ್ಳಿಗಳ ಎಲೆ ಸುಟ್ಟು ಉದುರಿದವು. ವಿಡಿಯೊದಲ್ಲಿ ತಪ್ಪಿರಲಿಲ್ಲ. ಅದನ್ನು ನೋಡಬೇಕಾದವನ ಮುಂದೆ ಇಟ್ಟು, ತಿಳಿಯಿತೇ ಎಂದು ಕೇಳುವವರು ಇರಲಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ, ಏಕೆಂದರೆ ಈ ವಿದ್ಯೆ ನಮಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಇಸ್ರೊ ಮತ್ತು ನಾಸಾ ಸೇರಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠದ ಟಿವಿ ಕಾರ್ಯಕ್ರಮ ತಲುಪಿಸಿದಾಗ ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಸೀಮೆಯ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದು ಟಿವಿ, ಅದರ ಮುಂದೆ ಮಕ್ಕಳಿಂದ ಮುದುಕರವರೆಗೆ ಊರು. ಆಮೇಲೆ 2006ರ ಹೊತ್ತಿಗೆ ಡಿಜಿಟಲ್ ಗ್ರೀನ್ ಪ್ರಯೋಗ ಮೊಳೆತದ್ದು ಬೆಂಗಳೂರಿನ ಸಂಶೋಧನಾ ಕೇಂದ್ರವೊಂದರಲ್ಲೇ. ರೈತರೇ ಕಾಣಿಸಿಕೊಳ್ಳುವ ಚಿಕ್ಕ ವಿಡಿಯೊ, ಅದನ್ನು ತೋರಿಸಲು ಊರಿನವರೇ ಒಬ್ಬರು. ಅವರು ನಡುನಡುವೆ ನಿಲ್ಲಿಸಬೇಕು, ಕೇಳಬೇಕು, ಚರ್ಚೆ ಮಾಡಿಸಬೇಕು. ಇರಿಟ್ಟಿಯಲ್ಲಿ ನಾನು ಕಂಡದ್ದು ಅದೇ ಕ್ರಮ. ನಮ್ಮ ನೆಲದಲ್ಲಿ ಬೆಳೆದದ್ದನ್ನು ಘಟ್ಟ ಇಳಿದು ಬಂದು ನೋಡಬೇಕಾಯಿತು.

ವಿಡಿಯೊ ಚಿಕ್ಕದಿರಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಎಡ್‌ಎಕ್ಸ್ ಎಂಬ ಅಂತರಜಾಲ ಕಲಿಕಾ ತಾಣದ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪಾಠ ಎಷ್ಟೇ ಉದ್ದವಿದ್ದರೂ ಜನ ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಹೆಚ್ಚು ನೋಡುವುದಿಲ್ಲ ಎಂದು ತೋರಿಸಿತ್ತು. ಆದರೆ ಆರು ನಿಮಿಷದ ವಿಡಿಯೊ ಪಾಠದ ಆರಂಭ ಮಾತ್ರ. ಮುಂದಿನ ಅರ್ಧ ಗಂಟೆಗೆ ಮನುಷ್ಯರು ಬೇಕು.

ಕೇರಳದವರಿಗೆ ಇದು ಒಗ್ಗಿರುವುದು ವಾಯನಶಾಲೆಗಳಿಂದ. ಪಿ.ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಗ್ರಂಥಾಲಯ ಸಂಘದಿಂದ ಹಬ್ಬಿದ ಚಳವಳಿ ಅದು. ಸಂಜೆಯಾದರೆ ಅಲ್ಲಿ ಸೇರುವುದು ಅವರಿಗೆ ರೂಢಿ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಜೂನ್ 1ರಂದು, ಕೇರಳ ಸರ್ಕಾರದ ಶೈಕ್ಷಣಿಕ ಟಿವಿ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಪಾಠಗಳು ಶುರುವಾದಾಗ ಒಂದನೆಯ ತರಗತಿಯ ಶಿಕ್ಷಕಿಯೊಬ್ಬರು ಮಿಟ್ಟು, ತಂಗು ಎಂಬ ಬೆಕ್ಕುಗಳ ಕಥೆ ಹೇಳಿದರು. ಅದನ್ನು ಮೊಮ್ಮಕ್ಕಳೊಂದಿಗೆ ಅಜ್ಜಂದಿರೂ ನೋಡಿ ನಕ್ಕರು. ಮನೆಯಲ್ಲಿ ಟಿವಿ ಇಲ್ಲದ ಮಕ್ಕಳಿಗೆ ವಾಯನಶಾಲೆ, ಅಂಗನವಾಡಿಗಳಲ್ಲಿ ವ್ಯವಸ್ಥೆಯಾಯಿತು. ಕಾಸರಗೋಡಿನ ಮಕ್ಕಳಿಗಾಗಿ ಕನ್ನಡದಲ್ಲೂ ಪಾಠ ತಯಾರಾದವು. ನಮ್ಮಲ್ಲೂ ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಹುತ್ತರಿ ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಕಡೆಯ ಒಂದು ಕೇಂದ್ರಕ್ಕೆ ಹೋಗಿದ್ದೆ. ಟಿವಿ ಇತ್ತು, ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ತೆಗೆದಂತಿರಲಿಲ್ಲ.

ಇಷ್ಟು ಬರೆದ ಮೇಲೆ ಕೆಲವನ್ನು ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದಿದ್ದರೂ. 'ಫಸ್ಟ್ ಬೆಲ್' ಶುರುವಾದ ದಿನವೇ ಮಲಪ್ಪುರಂ ಜಿಲ್ಲೆಯಲ್ಲಿ ಒಂಬತ್ತನೆಯ ತರಗತಿಯ ಬಡ ಮನೆಯ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳು. ಮನೆಯ ಟಿವಿ ಕೆಟ್ಟಿತ್ತು, ಸ್ಮಾರ್ಟ್‌ಫೋನ್ ಇರಲಿಲ್ಲ. ಅಷ್ಟು ವಾಯನಶಾಲೆಗಳಿದ್ದ ನಾಡಿನಲ್ಲೂ ಅವಳನ್ನು ಹೊತ್ತಿಗೆ ಸರಿಯಾಗಿ ತಲುಪುವವರು ಇರಲಿಲ್ಲ.

ಕೊಡಗಿನ ಮನೆಗಳು ಕೇರಳದಂತೆ ಒತ್ತೊತ್ತಾಗಿಲ್ಲ ಎಂಬುದೂ ನಿಜ. ತೋಟದ ನಡುವೆ ಒಂಟಿ ಮನೆ, ರಸ್ತೆಗೆ ಬರಲು ಅರ್ಧ ಗಂಟೆ ನಡಿಗೆ. ಸಿದ್ದಾಪುರದ ಕಡೆ ಕತ್ತಲಾದ ಮೇಲೆ ಆನೆಯ ಭಯದಲ್ಲಿ ಮಕ್ಕಳನ್ನು ಗ್ರಂಥಾಲಯಕ್ಕೆ ಕಳಿಸಿ ಎಂದು ಯಾವ ಬಾಯಿಯಿಂದ ಹೇಳಲಿ? ಕಕ್ಕಡ ತಿಂಗಳ ಮಳೆಯಲ್ಲಿ ಕಂಬ ಬಿದ್ದರೆ ಕರೆಂಟು ಎಂದು ಬರುತ್ತದೋ ಹೇಳುವವರಿಲ್ಲ. ಅಂಥ ಮನೆಗಳಿಗೆ ಮೊಬೈಲಿನ ಲಿಂಕೇ ಗತಿ. ನನ್ನ ಅತ್ತಿಗೆ ಏಳನೆಯ ತರಗತಿಗೇ ಶಾಲೆ ಬಿಟ್ಟವರು. ರವಿಕೆಯ ಕಟೋರಿ ಕತ್ತರಿಸುವುದನ್ನು ರಾತ್ರಿ ಎಲ್ಲರೂ ಮಲಗಿದ ಮೇಲೆ ಚಿಕ್ಕ ವಿಡಿಯೊಗಳನ್ನು ಮತ್ತೆ ಮತ್ತೆ ನೋಡಿಯೇ ಕಲಿತರು. ಗೊತ್ತಿಲ್ಲ ಎಂದು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಲಿಲ್ಲವಲ್ಲ, ಅದೇ ಸಮಾಧಾನ ಎಂದರು. ಆ ಮಾತಿಗೆ ನಾನು ಎದುರಾಡಲಿಲ್ಲ.

ಅಕ್ಕನ ಮಗಳ ನೆರೆಯಲ್ಲಿರುವ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರ ಜೊತೆ ಇದೇ ವಿಷಯ ಮಾತಾಡಿದೆ. ಅವರ ತರಗತಿಯಲ್ಲಿ ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳೇ ಹೆಚ್ಚು. ಯರವ, ಮಲಯಾಳ, ತಮಿಳು, ಅರೆಭಾಷೆ, ಈಗ ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ವಿಡಿಯೊದಲ್ಲಿನ ಪುಸ್ತಕದ ಕನ್ನಡ ಅರ್ಧ ಮಕ್ಕಳಿಗೆ ಹತ್ತುವುದಿಲ್ಲ. ಅವರು ಸದ್ದು ಮುಚ್ಚಿ ಚಿತ್ರ ಮಾತ್ರ ತೋರಿಸುತ್ತಾರಂತೆ, ಮಾತನ್ನು ತಾವೇ ಆಡುತ್ತಾರಂತೆ. ಬೀಜ ಮೊಳೆಯುವ ವಿಡಿಯೊ ನಿಲ್ಲಿಸಿ, ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಇರಿಟ್ಟಿಯಲ್ಲಿ ಇಷ್ಟು ಕಷ್ಟದ ಪಾಠವನ್ನು ನಾನು ನೋಡಿಲ್ಲ. ಇದನ್ನೆಲ್ಲ ಅವರು ಮಾಡುತ್ತಿರುವುದು ತಮ್ಮದೇ ಮೊಬೈಲಿನಲ್ಲಿ, ಅಂಗೈಯಷ್ಟು ಪರದೆಯ ಸುತ್ತ ಮಕ್ಕಳನ್ನು ಕೂರಿಸಿಕೊಂಡು. ಅರಿವು ಕೇಂದ್ರದ ಆ ಟಿವಿಯನ್ನು ಶಾಲೆಯ ಹೊತ್ತಿನಲ್ಲಿ ಇಂಥವರ ಕೈಗೆ ಕೊಡಲಿ, ಕರೆಂಟು ಹೋದರೂ ಒಂದು ಗಂಟೆ ಓಡುವ ಬ್ಯಾಟರಿಯನ್ನೂ ಕೊಡಲಿ. ಪಂಚಾಯಿತಿಗೆ ಇದು ದೊಡ್ಡ ಖರ್ಚಲ್ಲ, ಬರುವ ಜೂನ್‌ಗೆ ಮೊದಲು ಆಗಬಹುದಾದ ಕೆಲಸ.