ಸತ್ಯಾಂಶ: ಪ್ರೊಬೇಷನ್‌ನಲ್ಲಿರುವ ನರ್ಸ್‌ಗೆ ನೋಟಿಸ್ ಬೇಡವೇ?

"ಸೇರಿ ಆರು ತಿಂಗಳಾಗಿಲ್ಲ ಅಂದ್ರೆ ನೋಟಿಸ್ ಕೊಡಬೇಕಿಲ್ಲ, ನಾಳೆಯಿಂದ ಡ್ಯೂಟಿಗೆ ಹೋಗದಿದ್ದರೆ ಸಾಕು." ನರ್ಸ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಈ ಮಾತು ಪೂರ್ತಿ ಸರಿಯಲ್ಲ.

ಪ್ರೊಬೇಷನ್‌ನಲ್ಲಿ, ಅಂದರೆ ಕೆಲಸಕ್ಕೆ ಸೇರಿದ ಮೊದಲ ಪರೀಕ್ಷಾ ಅವಧಿಯಲ್ಲಿ, ನೋಟಿಸ್ ಅವಧಿ (ಬಿಡುತ್ತೇನೆ ಅಂತ ತಿಳಿಸಿದ ಮೇಲೂ ಕೆಲಸ ಮಾಡಬೇಕಾದ ದಿನಗಳು) ಸಾಮಾನ್ಯವಾಗಿ ಕಡಿಮೆ ಇರುತ್ತದೆ, ನಿಜ. ಆದರೆ ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಎಷ್ಟು ದಿನ ಅನ್ನೋದು ನೀವು ಸಹಿ ಹಾಕಿದ ನೇಮಕಾತಿ ಪತ್ರದಲ್ಲಿರುತ್ತದೆ. ಮೊದಲು ಅದನ್ನು ತೆಗೆದು ಓದಿ. ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಅಂತ ಬರೆದುಕೊಟ್ಟ ಬಾಂಡ್ ಇದ್ದರೆ ಅದನ್ನೂ.

ಇದಕ್ಕೆ ತದ್ವಿರುದ್ಧವಾದ ಹೆದರಿಕೆಯೂ ಇದೆ: ಬೇಗ ಬಿಟ್ಟರೆ ಲೈಸೆನ್ಸ್ ಹೋಗುತ್ತದಂತೆ. ಹಾಗೇನಿಲ್ಲ. ನೋಂದಣಿ ನೋಡಿಕೊಳ್ಳುವುದು ನರ್ಸಿಂಗ್ ಕೌನ್ಸಿಲ್, ಆಸ್ಪತ್ರೆಯಲ್ಲ. ಕ್ರಮ ಪ್ರಕಾರ ರಾಜೀನಾಮೆ ಕೊಡುವುದು ತಪ್ಪೇ ಅಲ್ಲ. ನಿಜವಾದ ತೊಂದರೆ ಇರುವುದು ಪಾಳಿಯ ಮಧ್ಯೆ, ರೋಗಿಗಳನ್ನು ಯಾರಿಗೂ ಒಪ್ಪಿಸದೆ ಎದ್ದು ಹೋಗುವುದರಲ್ಲಿ. ಯಾವ ಬೆಡ್‌ಗೆ ಡ್ರಿಪ್ ಮುಗಿಯುತ್ತಿದೆ, ಯಾರ ಇಂಜೆಕ್ಷನ್ ಬಾಕಿ, ಔಷಧಿ ಕಪಾಟಿನ ಕೀ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲದೆ ಹೋದರೆ ಪೆಟ್ಟು ಬೀಳುವುದು ರೋಗಿಗೆ. ಅಂಥದ್ದಕ್ಕೆ ಕೌನ್ಸಿಲ್‌ಗೆ ದೂರು ಹೋಗಬಹುದು.

ರಾಜೀನಾಮೆ ಪತ್ರ ನಾಲ್ಕೇ ಸಾಲು ಸಾಕು: ಹುದ್ದೆ, ವಾರ್ಡ್, ರಾಜೀನಾಮೆ, ಕೊನೆಯ ದಿನ. ಕಾರಣ ಉದ್ದಕ್ಕೆ ಬರೆಯಬೇಕಿಲ್ಲ, ಸಿಟ್ಟಂತೂ ಬೇಡವೇ ಬೇಡ. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಮೊದಲು ಎದುರಿಗೇ ಹೇಳಿ, ಆಮೇಲೆ ಪತ್ರ ಕೊಡಿ. ತಲುಪಿದೆ ಅಂತ ಒಂದು ಪ್ರತಿಗೆ ಸಹಿ, ತಾರೀಖು ಹಾಕಿಸಿಕೊಂಡು ಜೋಪಾನವಾಗಿಡಿ. ಮುಂದೆ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಕೇಳುವಾಗ ಅದೇ ನಿಮ್ಮ ಆಧಾರ.